ತೊಟ್ಟಿಲಿಗೆ ಎಣ್ಣೆ ಉಣಿಸಿದ್ದು

(ಮನೆಯ ಬಾಗಿಲು, ಕಿಟಕಿ, ಕಪಾಟುಗಳಿಗೆ ನಾವು ಬಣ್ಣ ಇಲ್ಲವೆ ವಾರ್ನಿಶ್ ಹಚ್ಚುತ್ತೇವೆ. ಆದರೆ ಕೂಸು ಮಲಗುವ ತೊಟ್ಟಿಲಿಗೆ, ಚಪಾತಿ ಲಟ್ಟಿಸುವ ಮಣೆಗೆ ಏನು ಹಚ್ಚಬೇಕು? ಪ್ರಸ್ತುತ ಪಾಠದಲ್ಲಿ ಲೇಖಕರು ತಮ್ಮ ಮನೆಯಲ್ಲಿ ನಡೆದ ಸಂಗತಿಯ ಮೂಲಕ ಇದನ್ನು ತಿಳಿಸಿದ್ದಾರೆ.)

ಮಕ್ಕಳೇ, ಮಾಡಗ್ಯಾಳ ಎಂಬ ಊರಿನ ಹೆಸರನ್ನು ನೀವು ಕೇಳಿರಬಹುದು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಈ ಊರು ಇದೆ. ಇಲ್ಲಿ ಕನ್ನಡ, ಮರಾಠಿ ಎರಡೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮಾಡಗ್ಯಾಳ ಎಂದ ಕೂಡಲೆ ದೂರದ ಜನರಿಗೆ ನೆನಪಾಗುವುದು ಕುರಿ. ಎತ್ತರದ ಮೈಕಟ್ಟು, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ ಇರುವ ಮಾಡಗ್ಯಾಳ ಕುರಿಯನ್ನು ಗುರುತಿಸುವುದು ಸುಲಭ. ಆದರೆ ಈ ಪಾಠ ಕುರಿಯನ್ನು ಕುರಿತದ್ದಲ್ಲ. ಇದೇ ಊರಿನ ನಮ್ಮ ಮನೆಯ ಒಂದು ಹಳೆಯ ತೊಟ್ಟಿಲನ್ನು ಕುರಿತದ್ದು.

ಅದು ಸಾಗವಾನಿ ಕಟ್ಟಿಗೆಯ ತೊಟ್ಟಿಲು. ನಮ್ಮ ಅಪ್ಪ, ಅತ್ತೆಯರು, ಅಕ್ಕ, ನಾನು ಎಲ್ಲರೂ ಅದರಲ್ಲಿ ಮಲಗಿ ಬೆಳೆದವರು. ನಾವು ದೊಡ್ಡವರಾದ ಮೇಲೆ ಅದು ಅಟ್ಟ ಸೇರಿತ್ತು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಆಗಷ್ಟೇ ಶಾಲೆಯಲ್ಲಿ ಮಾಸ್ತರನಾಗಿ ಸೇರಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ತವರಿಗೆ ಬಂದಳು. ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಲು ಹೇಳಿದಳು. ಇಳಿಸಿ ನೋಡಿದರೆ ಕಟ್ಟಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಸಣ್ಣ ಸೀಳು ಬಿಟ್ಟಿತ್ತು. ಕೈ ಆಡಿಸಿದರೆ ಸಿಬಿರು ಚುಚ್ಚುವಂತಿತ್ತು. ನನಗೆ ಹುರುಪು ಬಂತು. ಮರುದಿನ ಪೇಟೆಗೆ ಹೋಗಿ ಕೆಂಪು ಬಣ್ಣದ ಡಬ್ಬಿ, ಹಸಿರು ಬಣ್ಣದ ಡಬ್ಬಿ ತಂದೆ.

ಡಬ್ಬಿಗಳನ್ನು ನೋಡಿದ ಅವ್ವನ ಮುಖ ಸಣ್ಣದಾಯಿತು.

“ಬಣ್ಣ ಹಚ್ಚಬ್ಯಾಡ ತಮ್ಮಾ. ಹಲ್ಲು ಬರೂ ಹೊತ್ತಿನ್ಯಾಗ ಕೂಸು ತೊಟ್ಟಿಲದ ಅಂಚು ಕಡೀತೈತಿ. ನೀನೂ ಕಡೀತಿದ್ದಿ. ಬಣ್ಣ ಹೊಟ್ಟ್ಯಾಗ ಹೋದರ?” ಎಂದಳು.

ನಾನು ತೊಟ್ಟಿಲಿನ ಅಂಚು ನೋಡಿದೆ. ನಿಜ, ಅಲ್ಲಿ ಪುಟ್ಟ ಪುಟ್ಟ ಹಲ್ಲಿನ ಗುರುತುಗಳಿದ್ದವು. ನನ್ನವೋ ಅಕ್ಕನವೋ ಗೊತ್ತಿಲ್ಲ.

ಅವ್ವ ಶಾಲೆ ಕಲಿತವಳಲ್ಲ. ಸೀಸ ಎಂಬ ಲೋಹದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಆದರೆ ಅವಳ ಹೆದರಿಕೆ ಸರಿಯಾಗಿಯೇ ಇತ್ತು. ಆ ಕಾಲದ ಅನೇಕ ಎಣ್ಣೆಬಣ್ಣಗಳಲ್ಲಿ ಸೀಸ ಸೇರಿರುತ್ತಿತ್ತು. ಸೀಸ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ನಮ್ಮ ದೇಶದಲ್ಲಿ ಈ ಬಗ್ಗೆ 2016ರಲ್ಲಿ ನಿಯಮ ಆಯಿತು. ಮನೆಗೆ ಬಳಸುವ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸ 90 ಭಾಗಕ್ಕಿಂತ ಹೆಚ್ಚು ಇರಕೂಡದು ಎಂಬ ಆ ನಿಯಮ 2017ರ ನವೆಂಬರ್ ತಿಂಗಳಿನಿಂದ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಬಣ್ಣ ಹಚ್ಚಿದ ಬಾಗಿಲು, ತೊಟ್ಟಿಲು, ಆಟಿಕೆಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅಂಥ ಹಳೆಯ ಬಣ್ಣ ಸಿಪ್ಪೆಯಂತೆ ಏಳುತ್ತಿದ್ದರೆ ಅದನ್ನು ನೀವು ಕೆರೆಯಬೇಡಿರಿ. ಅದರ ಪುಡಿ ಉಸಿರಿನೊಳಗೆ ಹೋಗಬಾರದು. ಮನೆಯ ಹಿರಿಯರಿಗೆ ತೋರಿಸಿರಿ.

ಇರಲಿ. ಬಣ್ಣದ ಡಬ್ಬಿಗಳನ್ನು ನಾನು ಅಂಗಡಿಗೆ ಮರಳಿ ಕೊಟ್ಟೆ. ‘ಬಣ್ಣ ಬೇಡವಾದರೆ ಎಣ್ಣೆ ಹಚ್ಚೋಣ. ಎಣ್ಣೆ ಎಂದರೆ ನಾವು ಉಣ್ಣುವ ವಸ್ತು. ಕೂಸು ನೆಕ್ಕಿದರೂ ಚಿಂತೆಯಿಲ್ಲ’ ಎಂದುಕೊಂಡೆ. ಅಡಿಗೆಮನೆಯಲ್ಲಿದ್ದ ಶೇಂಗಾ ಎಣ್ಣೆಯನ್ನು ತಂದು ತೊಟ್ಟಿಲಿಗೆಲ್ಲ ಸವರಿದೆ. ಬೂದು ಕಟ್ಟಿಗೆ ಒಮ್ಮೆಲೆ ಕೆಂಪಗೆ ಮಿಂಚಿತು. ನನಗೆ ಬಹಳ ಸಂತೋಷವಾಯಿತು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ನಾಲ್ಕು ದಿನ ಕಳೆದರೂ ತೊಟ್ಟಿಲು ಒಣಗಲಿಲ್ಲ. ಎಂಟು ದಿನ ಕಳೆದವು. ಮುಟ್ಟಿದರೆ ಕೈಗೆ ಜಿಡ್ಡು. ನಮ್ಮ ಜತ್ತ ತಾಲೂಕಿನ ಬೇಸಿಗೆಯ ಧೂಳು ನಿಮಗೆ ಗೊತ್ತೇ ಇದೆ. ಹಾರಿ ಬಂದ ಧೂಳೆಲ್ಲ ತೊಟ್ಟಿಲಿಗೆ ಅಂಟಿತು. ಆಮೇಲೆ ಕಮಟು ವಾಸನೆ ಶುರುವಾಯಿತು. ಅಕ್ಕ ಮೂಗು ಮುಚ್ಚಿಕೊಂಡು, “ಇದರಾಗ ನನ್ನ ಕೂಸಿನ್ನ ಮಲಗಸಂಗಿಲ್ಲ” ಎಂದುಬಿಟ್ಟಳು.

ಕೊನೆಗೆ ಅವ್ವ ನಮ್ಮ ಓಣಿಯ ಬಡಿಗೇರ ಮುತ್ಯಾನನ್ನು ಕರೆಸಿದಳು. ಬಂಡಿಯ ಗಾಲಿ, ಕೂರಿಗೆ, ಕುಂಟೆ, ಬಾಗಿಲು ಏನೇ ಇದ್ದರೂ ನಮ್ಮ ಓಣಿಗೆ ಅವನೇ ಬೇಕು. ಮುತ್ಯಾ ಬೆರಳಿನಿಂದ ತೊಟ್ಟಿಲು ಮುಟ್ಟಿ, ಬೆರಳನ್ನು ಮೂಸಿ ನೋಡಿ ನಕ್ಕನು.

“ಶೇಂಗಾ ಎಣ್ಣಿ ಹಚ್ಚೀಯಲ್ಲೋ ತಮ್ಮಾ! ಎಲ್ಲಾ ಎಣ್ಣಿ ಒಂದ ಥರಾ ಇರೂದಿಲ್ಲ. ಕೆಲವು ಒಣಗತಾವ, ಕೆಲವು ಒಣಗೂದಿಲ್ಲ. ಕಟ್ಟಿಗಿಗೆ ಒಣಗೂ ಎಣ್ಣಿ ಬೇಕು.”

ಎಣ್ಣೆ ಎಲ್ಲಿಯಾದರೂ ಒಣಗುತ್ತದೆಯೇ? ನೀರು ಒಣಗುತ್ತದೆ, ಕೆಸರು ಒಣಗುತ್ತದೆ. ಎಣ್ಣೆ? ಬಿ.ಎಸ್ಸಿ. ಓದಿದ್ದ ನಾನು ಹಾಗೆಯೇ ಕೇಳಿದೆ. ಮುತ್ಯಾ ಮಾತಾಡಲಿಲ್ಲ. ಅಡಿಗೆಮನೆಯಿಂದ ಅಗಸಿ ಎಣ್ಣೆಯ ಹಳೆಯ ಡಬ್ಬಿಯನ್ನು ತರಿಸಿದನು. ಅದರ ಬಾಯಿಯ ಸುತ್ತ ಕಂದು ಬಣ್ಣದ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದು ನೋಡಿದೆ, ಅದು ಏಳಲಿಲ್ಲ. ಒಂದು ಕಾಲಕ್ಕೆ ಅದೂ ಎಣ್ಣೆಯೇ ಆಗಿತ್ತು.

ಅಗಸಿ ಎಂದರೆ ಇಲ್ಲಿ ಊರ ಅಗಸಿ ಬಾಗಿಲಲ್ಲ! ನಾವು ಚಟ್ನಿ ಮಾಡಿಕೊಂಡು ರೊಟ್ಟಿಯ ಜೊತೆ ತಿನ್ನುವ ಅಗಸಿ. ಕೆಲವರು ಅಗಸೆ ಎನ್ನುತ್ತಾರೆ, ಮರಾಠಿಯಲ್ಲಿ ಜವಸ. ನೀಲಿ ಹೂ ಬಿಡುವ ಹಿಂಗಾರಿ ಬೆಳೆ. ಅದರ ಕಾಳಿನಿಂದ ಗಾಣದಲ್ಲಿ ಎಣ್ಣೆ ತೆಗೆಯುತ್ತಾರೆ.

ಈಗ ಎಣ್ಣೆ ಹೇಗೆ ಒಣಗುತ್ತದೆ ಎಂಬುದನ್ನು ನೋಡೋಣ. ಒದ್ದೆ ಅಂಗಿಯನ್ನು ಬಿಸಿಲಿಗೆ ಹಾಕಿದರೆ ಅದರಲ್ಲಿಯ ನೀರು ಆವಿಯಾಗಿ ಹಾರಿಹೋಗುತ್ತದೆ. ಅಂಗಿಯ ತೂಕ ಕಡಿಮೆಯಾಗುತ್ತದೆ. ಅಗಸಿ ಎಣ್ಣೆ ಹಾಗೆ ಹಾರಿಹೋಗುವುದಿಲ್ಲ. ಅದು ಗಾಳಿಯಲ್ಲಿಯ ಆಮ್ಲಜನಕವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆಗ ಎಣ್ಣೆಯ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಕೈಹಿಡಿದುಕೊಂಡು ಬಲೆಯಂತಾಗುತ್ತವೆ. ಹರಿಯುವ ಎಣ್ಣೆ ಗಟ್ಟಿ ಪೊರೆಯಾಗುತ್ತದೆ. ಹೊಸದಾಗಿ ಆಮ್ಲಜನಕ ಸೇರಿದ್ದರಿಂದ ಅದರ ತೂಕ ಸ್ವಲ್ಪ ಹೆಚ್ಚುತ್ತದೆ. ಒಣಗಿದ ಮೇಲೆ ತೂಕ ಹೆಚ್ಚುವುದು ವಿಚಿತ್ರವಲ್ಲವೇ?

ಹೀಗೆ ಕೈಹಿಡಿಯುವ ಗುಣ ಎಲ್ಲ ಎಣ್ಣೆಗಳಲ್ಲಿ ಸಮನಾಗಿ ಇರುವುದಿಲ್ಲ. ಅಗಸಿ ಎಣ್ಣೆಯಲ್ಲಿ ಬಹಳ. ಕುಸುಬಿ ಎಣ್ಣೆಯಲ್ಲಿ ಅದಕ್ಕಿಂತ ಕಡಿಮೆ, ಆದರೂ ಇದೆ. ಗುರೆಳ್ಳು ಎಣ್ಣೆ, ಸೂರ್ಯಕಾಂತಿ ಎಣ್ಣೆಗಳೂ ನಿಧಾನವಾಗಿ ಜಿಗುಟಾಗುತ್ತವೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಕಟ್ಟಿಗೆಯ ಮೇಲೆ ಎಷ್ಟು ದಿನ ಇಟ್ಟರೂ ಪೊರೆ ಕಟ್ಟುವುದಿಲ್ಲ. ಔಡಲ ಎಣ್ಣೆಯೂ ಹಾಗೆಯೇ.

ನಮ್ಮ ಭಾಗದ ಜೋಳದ ಹೊಲಗಳ ಅಂಚಿಗೆ ಕುಸುಬಿಯ ಸಾಲು ಹಾಕುವ ರೂಢಿ ಇದೆ. ಮುಳ್ಳಿಗೆ ಹೆದರಿ ದನಗಳು ಒಳಗೆ ಬರುವುದಿಲ್ಲ. ಇದೇ ಕುಸುಬಿಯ ಎಣ್ಣೆಯನ್ನು ಹಿಂದಿನವರು ಬಹಳ ಹೊತ್ತು ಕಾಸಿ, ಜಿಗುಟು ಮಾಡಿ, ಬಾವಿಯಿಂದ ನೀರೆತ್ತುವ ಚರ್ಮದ ಚೀಲಕ್ಕೂ ಹಗ್ಗಕ್ಕೂ ಬಳಿಯುತ್ತಿದ್ದರು. ನೀರಿನಲ್ಲಿ ನೆನೆದರೂ ಚರ್ಮ ಬೇಗ ಕೊಳೆಯುತ್ತಿರಲಿಲ್ಲ.

ಮುತ್ಯಾ ಕೆಲಸ ಶುರು ಮಾಡಿದನು. ಮೊದಲು ನಾನು ಮಾಡಿದ ಕೆಲಸವನ್ನು ಅಳಿಸಬೇಕಿತ್ತು. ಸಾಬೂನು ಹಾಕಿದ ಬಿಸಿನೀರಿನಿಂದ ತೊಟ್ಟಿಲನ್ನು ಎರಡು ಸಲ ತಿಕ್ಕಿಸಿದನು. ನಾಲ್ಕು ದಿನ ಒಣಗಲು ಬಿಟ್ಟನು. ಆಮೇಲೆ ಮೇಲಿನ ಜಿಡ್ಡಿನ ಪದರನ್ನು ತೆಳ್ಳಗೆ ಹೆರೆದನು. ಅಂಚಿನ ಹಲ್ಲಿನ ಗುರುತುಗಳನ್ನು ಮಾತ್ರ ಹೆರೆಯಲು ಅವ್ವ ಬಿಡಲಿಲ್ಲ. ಪಾಲಿಶ್ ಪೇಪರನ್ನು ಕಟ್ಟಿಗೆಯ ಗೆರೆ ಓಡಿದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಬಾರದು ಎಂದು ನನಗೆ ತೋರಿಸಿದನು. ಅಡ್ಡ ಉಜ್ಜಿದರೆ ಬಿದ್ದ ಗೀರುಗಳು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತವೆ.

ಬಳಿಕ ಅಗಸಿ ಎಣ್ಣೆಯ ಸರದಿ. ಗಾಣದಿಂದ ತಂದ ಎಣ್ಣೆಯನ್ನು ಹಳೆಯ ಧೋತರದ ಅರಿವೆಯಿಂದ ತೆಳ್ಳಗೆ ಸವರಿದೆವು. ನಾನು ಇನ್ನಷ್ಟು ಸುರಿಯಲು ಹೋದಾಗ ಮುತ್ಯಾ ಕೈ ಹಿಡಿದನು.

“ಬಳಿಯೂದಲ್ಲ ತಮ್ಮಾ, ಉಣಸಬೇಕು. ಅದಕ್ಕ ಎಷ್ಟು ಹಸಿವಿ ಐತಿ ಅಷ್ಟ ಉಣ್ಣತೈತಿ. ಉಳಿದದ್ದನ್ನ ಒರಸಿಬಿಡು.”

ಕಟ್ಟಿಗೆಯೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಗಿಡ ಜೀವಂತವಿದ್ದಾಗ ಬೇರಿನಿಂದ ನೀರು ಮೇಲೇರಿದ್ದು ಅವುಗಳಲ್ಲಿಯೇ. ಗಿಡ ಕಡಿದ ಮೇಲೂ ಅವು ನೀರು ಹೀರುವುದನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ತೇವ ಹೀರಿ ಕಟ್ಟಿಗೆ ಉಬ್ಬುತ್ತದೆ. ಆಗ ಬಾಗಿಲು ಹಾಕಲು ಬರುವುದಿಲ್ಲ. ಬೇಸಿಗೆಯಲ್ಲಿ ತೇವ ಕಳೆದುಕೊಂಡು ಕುಗ್ಗುತ್ತದೆ, ಸೀಳುತ್ತದೆ. ಎಣ್ಣೆ ಈ ಕೊಳವೆಗಳ ಬಾಯೊಳಗೆ ಇಳಿದು ಅಲ್ಲಿಯೇ ಗಟ್ಟಿಯಾದರೆ ನೀರು ಬೇಗ ಒಳಗೆ ಹೋಗಲಾರದು. ಮೇಲೆ ಉಳಿದ ಎಣ್ಣೆಗೆ ಅಲ್ಲಿ ಕೆಲಸವಿಲ್ಲ. ಅದು ದಪ್ಪನೆಯ ಅಂಟಾಗಿ ಧೂಳು ಹಿಡಿಯುತ್ತದೆ. ಅದಕ್ಕಾಗಿಯೇ ಹಚ್ಚಿದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಒರಸಿ ತೆಗೆಯಬೇಕು. ಗಾಳಿ ಆಡುವ ಕಡೆ ಕೆಲವು ದಿನ ಒಣಗಲು ಬಿಡಬೇಕು. ಮುಟ್ಟಿದಾಗ ಅಂಟು ಹತ್ತದಿದ್ದರೆ ಮತ್ತೊಂದು ಸಲ ಹಚ್ಚಬೇಕು. ತೊಟ್ಟಿಲಿಗೆ ಹೀಗೆ ನಾಲ್ಕು ಸಲ ಹಚ್ಚಿದೆವು. ಅವಸರದ ಕೆಲಸ ಇದಲ್ಲ.

ಹಳೆಯ ವಾಡೆಗಳ ಮೇಲಂತಸ್ತಿನಲ್ಲಿ ಹಲಗೆಯ ನೆಲ ಇರುವುದನ್ನು ನೀವು ನೋಡಿರಬಹುದು. ಅದಕ್ಕೂ ಎಣ್ಣೆ ಹಚ್ಚುವ ಕ್ರಮ ಇದೇ. ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲಿನ ಕಡೆಗೆ ಬರಬೇಕು. ಬಾಗಿಲಿನಿಂದ ಶುರು ಮಾಡಿದವನು ಮೂಲೆಯಲ್ಲಿ ಸಿಕ್ಕಿಬೀಳುತ್ತಾನೆ! ನೆಲ ಒಣಗುವವರೆಗೆ ಅದರ ಮೇಲೆ ಯಾರೂ ಓಡಾಡಬಾರದು, ಹಚ್ಚಿದ ಎಣ್ಣೆ ಜಾರುತ್ತದೆ.

ಇಷ್ಟು ಹೇಳಿ ಪಾಠ ಮುಗಿಸಬಹುದಿತ್ತು. ಆದರೆ ನನ್ನ ಒಂದು ತಪ್ಪನ್ನು ಹೇಳದಿದ್ದರೆ ನಿಮಗೆ ಅರ್ಧ ವಿಷಯ ಮಾತ್ರ ಹೇಳಿದಂತಾಗುತ್ತದೆ.

ಎರಡನೆಯ ಸಲ ಎಣ್ಣೆ ಹಚ್ಚಿದ ದಿನ ಮುತ್ಯಾ ಮನೆಗೆ ಹೊರಟಾಗ, “ಎಣ್ಣಿ ಅರಿವಿ ಬೇಲಿ ಮ್ಯಾಲೆ ಬಿಡಿಸಿ ಹಾಕು” ಎಂದು ಹೇಳಿದ್ದನು. ಹಳೆಯ ಅರಿವೆಗೆ ಇಷ್ಟೇಕೆ ಉಪಚಾರ ಎಂದು ನಾನು ಲಕ್ಷ್ಯ ಕೊಡಲಿಲ್ಲ. ಎಣ್ಣೆಯಲ್ಲಿ ತೊಯ್ದ ಮೂರು ನಾಲ್ಕು ಅರಿವೆಗಳನ್ನು ಮುದ್ದೆ ಮಾಡಿ ಒಂದು ಬುಟ್ಟಿಯಲ್ಲಿ ತುರುಕಿದೆ. ಬುಟ್ಟಿಯನ್ನು ದನದ ಕೊಟ್ಟಿಗೆಯಲ್ಲಿ, ಕಣಿಕೆಯ ಬಣವೆಯ ಮಗ್ಗುಲಿಗೆ ಇಟ್ಟು ಒಳಗೆ ಬಂದೆ.

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ಅವ್ವ ಎತ್ತುಗಳಿಗೆ ನೀರು ಕುಡಿಸಲು ಕೊಟ್ಟಿಗೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿಯೇ ಅವಳ ಕೂಗು ಕೇಳಿತು. ಓಡಿ ಹೋಗಿ ನೋಡುತ್ತೇನೆ, ಬುಟ್ಟಿಯಿಂದ ಹೊಗೆ ಏಳುತ್ತಿದೆ! ಯಾರೂ ಕಡ್ಡಿ ಗೀರಿರಲಿಲ್ಲ. ಹತ್ತಿರದಲ್ಲಿ ಒಲೆ ಇರಲಿಲ್ಲ, ದೀಪ ಇರಲಿಲ್ಲ. ಅವ್ವ ಉದ್ದನೆಯ ಕೋಲಿನಿಂದ ಬುಟ್ಟಿಯನ್ನು ಅಂಗಳಕ್ಕೆ ಎಳೆದಿದ್ದಳು. ನಾನು ಎರಡು ಕೊಡ ನೀರು ತಂದು ಸುರಿದೆ. ಚುಂಯ್ ಎಂದು ಸಪ್ಪಳವಾಯಿತು. ಅರಿವೆಯ ಮುದ್ದೆಯನ್ನು ಬಿಡಿಸಿದರೆ ಹೊರಗೆ ಬೆಳ್ಳಗೇ ಇತ್ತು, ನಡುವೆ ಸುಟ್ಟು ಕರಿಯಾಗಿತ್ತು.

ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಎರಡು ಎತ್ತು, ಒಂದು ಎಮ್ಮೆ ಮುಂದಿನ ಮಳೆಗಾಲದವರೆಗೆ ತಿನ್ನಬೇಕಾದ ಮೇವೆಲ್ಲ ಆ ಬಣವೆಯಲ್ಲಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಮೇವು ಸುಡುತ್ತಿತ್ತು. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತುಗಳ ಗತಿ ಏನಾಗುತ್ತಿತ್ತೋ! ಮೇವು ಮಾತ್ರ ಹೋಗಿದ್ದರೂ ಎತ್ತು ಮಾರಬೇಕಾಗುತ್ತಿತ್ತು. ಅಪ್ಪ ನನಗೆ ಒಂದು ಮಾತೂ ಆಡಲಿಲ್ಲ. ಸಂಜೆಯವರೆಗೆ ಬಣವೆಯ ಹತ್ತಿರವೇ ಕುಳಿತಿದ್ದನು.

ಬೆಂಕಿ ಎಲ್ಲಿಂದ ಬಂತು? ಒದ್ದೆ ಅರಿವೆಯನ್ನು ಹಣೆಯ ಮೇಲೆ ಇಟ್ಟರೆ ತಣ್ಣಗಾಗುತ್ತದೆ. ನೀರು ಆರುವಾಗ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಅಗಸಿ ಎಣ್ಣೆಯದು ಇದಕ್ಕೆ ವಿರುದ್ಧ. ಅದು ಆಮ್ಲಜನಕವನ್ನು ಸೇರಿಸಿಕೊಳ್ಳುವಾಗ ಶಾಖವನ್ನು ಹೊರಗೆ ಬಿಡುತ್ತದೆ. ತೊಟ್ಟಿಲಿನ ಮೇಲೆ ಎಣ್ಣೆ ತೆಳ್ಳಗೆ ಹರಡಿರುವುದರಿಂದ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅರಿವೆಯನ್ನು ಬೇಲಿಯ ಮೇಲೆ ಬಿಡಿಸಿ ಹಾಕಿದರೂ ಹೀಗೆಯೇ. ಆದರೆ ಮುದ್ದೆ ಮಾಡಿದ ಅರಿವೆಯಲ್ಲಿ ನೂಲು ನೂಲಿಗೂ ಎಣ್ಣೆ, ನಡುನಡುವೆ ಸಾಕಷ್ಟು ಗಾಳಿ. ಒಳಗೆ ಹುಟ್ಟಿದ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಂತೆ ಎಣ್ಣೆ ಇನ್ನೂ ಬೇಗ ಒಣಗುತ್ತದೆ. ಬೇಗ ಒಣಗಿದಂತೆ ಬಿಸಿ ಇನ್ನೂ ಹೆಚ್ಚುತ್ತದೆ. ಕೊನೆಗೆ ಅರಿವೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಟ್ಟಿಗೆಯನ್ನು ಕಾಯುವ ಗುಣವೇ ಅರಿವೆಗೆ ಬೆಂಕಿ ಹಚ್ಚುತ್ತದೆ.

ನನ್ನಂಥ ತಪ್ಪು ದೊಡ್ಡ ದೊಡ್ಡ ಊರುಗಳಲ್ಲಿಯೂ ಆಗಿದೆ. ಅಮೇರಿಕೆಯ ಫಿಲಡೆಲ್ಫಿಯಾ ನಗರದಲ್ಲಿ 38 ಅಂತಸ್ತಿನ ಒಂದು ಕಟ್ಟಡವಿತ್ತು. 1991ರ ಫೆಬ್ರವರಿ 23ರಂದು ಅದರ 22ನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಗೋಡೆಯ ಹಲಗೆಗಳಿಗೆ ಮೆರುಗು ಕೊಡುವ ಕೆಲಸದವರು ಅಗಸಿ ಎಣ್ಣೆಯ ಅರಿವೆಗಳನ್ನು ಅಲ್ಲಿಯೇ ಬಿಟ್ಟುಹೋಗಿದ್ದರು. ಬೆಂಕಿ 18 ಗಂಟೆಗಳಿಗಿಂತ ಹೆಚ್ಚು ಹೊತ್ತು ಉರಿಯಿತು. ಅದನ್ನು ಆರಿಸಲು ಹೋದ ಅಗ್ನಿಶಾಮಕ ದಳದ ಮೂವರು ಪ್ರಾಣ ಕಳೆದುಕೊಂಡರು. ಬೆಂಕಿ 30ನೆಯ ಅಂತಸ್ತಿಗೆ ಏರಿದಾಗ ಅಲ್ಲಿಯ ಸೂರಿನಿಂದ ತಾನಾಗಿಯೇ ನೀರು ಚಿಮ್ಮುವ ವ್ಯವಸ್ಥೆ ಇತ್ತು. ಅಲ್ಲಿಗೆ ಅದು ನಿಂತಿತು.

ಆ ದಿನದಿಂದ ನಮ್ಮ ಮನೆಯಲ್ಲಿ ಎಣ್ಣೆಯ ಅರಿವೆಯನ್ನು ಒಂದೊಂದಾಗಿ ಬಿಡಿಸಿ, ಮನೆ ಮತ್ತು ಮೇವಿನಿಂದ ದೂರ, ಬಯಲಿನಲ್ಲಿ ಕಲ್ಲಿನ ಮೇಲೆ ಹರಡುತ್ತೇವೆ. ಅದು ಒಣಗಿ ಹಪ್ಪಳದಂತೆ ಬಿರುಸಾದ ಮೇಲೆ ಎಸೆಯುತ್ತೇವೆ. ಹರಡಲು ಜಾಗವಿಲ್ಲದಿದ್ದರೆ ತಗಡಿನ ಡಬ್ಬಿಯಲ್ಲಿ ನೀರು ತುಂಬಿ, ಅದರಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು. ಇದು ಹಿರಿಯರು ಮಾಡುವ ಕೆಲಸ. ನೀವು ನೋಡಿದರೆ ನೆನಪು ಮಾಡಿಕೊಡಿರಿ.

ಇನ್ನೊಂದು ಮಾತು. ಪೇಟೆಯ ಬಣ್ಣದ ಅಂಗಡಿಗಳಲ್ಲಿ ‘ಡಬಲ್ ಬಾಯಿಲ್ಡ್’ ಎಂದು ಬರೆದ ಅಗಸಿ ಎಣ್ಣೆಯ ಡಬ್ಬಿ ಸಿಗುತ್ತದೆ. ಎರಡು ಸಲ ಕುದಿಸಿದ್ದು ಎಂದು ಅದರ ಅರ್ಥ. ಅದು ಬೇಗ ಒಣಗುತ್ತದೆ ನಿಜ. ಆದರೆ ಬೇಗ ಒಣಗಲೆಂದು ಅದರಲ್ಲಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣಗಳನ್ನು ಬೆರೆಸಿರುತ್ತಾರೆ. ಹಿಂದೆ ಸೀಸವನ್ನೂ ಬೆರೆಸುತ್ತಿದ್ದರು. ಬಂಡಿಗೆ, ಹೊರಗಿನ ಬಾಗಿಲಿಗೆ ಅದು ನಡೆದೀತು. ತೊಟ್ಟಿಲಿಗೆ, ಲಟ್ಟಣಿಗೆಗೆ, ಕಡಗೋಲಿಗೆ, ನಮ್ಮ ಮರಾಠಿ ನೆರೆಯವರು ಕಾಠವಟ ಎನ್ನುವ ಹಿಟ್ಟು ನಾದುವ ಕಟ್ಟಿಗೆಯ ಪರಾತಕ್ಕೆ ಅದು ಬೇಡ. ಇವುಗಳಿಗೆ ಗಾಣದ, ಏನೂ ಬೆರೆಸದ, ಉಣ್ಣಲು ಯೋಗ್ಯವಾದ ಎಣ್ಣೆಯೇ ಬೇಕು. ನಿಧಾನವಾಗಿ ಒಣಗಿದರೆ ಒಣಗಲಿ. ಚಪಾತಿಯ ಮಣೆಗೆ ಇಂಥ ಎಣ್ಣೆಯಲ್ಲಿ ಸ್ವಲ್ಪ ಜೇನುಮೇಣ ಕರಗಿಸಿ ಹಚ್ಚಿದರೆ ನೀರು ಇನ್ನೂ ಚೆನ್ನಾಗಿ ಜಾರುತ್ತದೆ.

ಬಾಯಿಗೆ ಹೋಗುವ ಕಟ್ಟಿಗೆಯ ವಿಚಾರವನ್ನು ಬೇರೆ ಕಡೆಯ ಕುಶಲಕರ್ಮಿಗಳೂ ಮಾಡಿದ್ದಾರೆ. ಕರ್ನಾಟಕದ ಚನ್ನಪಟ್ಟಣದ ಆಟಿಕೆಗಳಿಗೆ ಅರಗಿನ ಮೆರುಗು ಕೊಡುತ್ತಾರೆ. ಅರಗು ಒಂದು ಬಗೆಯ ಕೀಟದಿಂದ ದೊರೆಯುವ ವಸ್ತು. ಕ್ರಿಕೆಟ್ ಆಡುವವರು ವಿಲೋ ಕಟ್ಟಿಗೆಯ ಹೊಸ ಬ್ಯಾಟಿಗೆ ತೆಳ್ಳಗೆ ಅಗಸಿ ಎಣ್ಣೆಯನ್ನೇ ಸವರುತ್ತಾರೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬವನು ಬಣ್ಣದ ಡಬ್ಬಿಯಲ್ಲಿ ಅಗಸಿ ಎಣ್ಣೆ ರಬ್ಬರಿನಂಥ ಪೊರೆ ಕಟ್ಟಿದ್ದನ್ನು ನೋಡಿದನು. ನಮ್ಮ ಮುತ್ಯಾ ತೋರಿಸಿದಂಥ ಪೊರೆಯೇ ಅದು! ಆ ಪೊರೆಗೆ ಬಿರಡೆಯ ಪುಡಿ ಸೇರಿಸಿ, ಗೋಣಿತಟ್ಟಿನ ಮೇಲೆ ಒತ್ತಿ ನೆಲಹಾಸು ಮಾಡಿದನು. 1863ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅದೇ ಲಿನೋಲಿಯಂ.

ಆಮೇಲೆ ಒಮ್ಮೆ ನಾನು ಶಾಲೆಯಲ್ಲಿ ಮಕ್ಕಳಿಂದ ಒಂದು ಪ್ರಯೋಗ ಮಾಡಿಸಿದೆ. ಒಂದು ಗಾಜಿನ ತುಂಡಿನ ಮೇಲೆ ಅಗಸಿ, ಕುಸುಬಿ, ಶೇಂಗಾ, ಕೊಬ್ಬರಿ ಎಣ್ಣೆಗಳ ಒಂದೊಂದು ಹನಿಯನ್ನು ಬೆರಳಿನಿಂದ ತೆಳ್ಳಗೆ ಸವರಿ ಕಿಟಕಿಯಲ್ಲಿ ಇಟ್ಟೆವು. ಮಕ್ಕಳು ದಿನಾಲು ಮುಟ್ಟಿ ನೋಡಿ ವಹಿಯಲ್ಲಿ ಬರೆದರು. ಒಂದು ವಾರದಲ್ಲಿ ಅಗಸಿ ಎಣ್ಣೆ ಅಂಟಂಟಾಯಿತು, ಮುಂದೆ ಪೊರೆ ಕಟ್ಟಿತು. ಕುಸುಬಿ ಎಣ್ಣೆ ಮೂರನೆಯ ವಾರಕ್ಕೆ ಜಿಗುಟಾಯಿತು. ಶೇಂಗಾ, ಕೊಬ್ಬರಿ ಎಣ್ಣೆಗಳು ತಿಂಗಳು ಕಳೆದರೂ ಹಸಿಯಾಗಿಯೇ ಉಳಿದವು. ‘ಇನ್ನೂ ಹಸಿ’, ‘ಇನ್ನೂ ಹಸಿ’ ಎಂದು ಬರೆದು ಬರೆದು ಒಬ್ಬ ಹುಡುಗ ಬೇಸತ್ತು, ಕೊನೆಗೆ ಇಡೀ ಪುಟದ ತುಂಬ ‘ಹಸಿ’ ಎಂದಷ್ಟೇ ಬರೆದಿದ್ದನು. ನಾನು ಅವನಿಗೆ ಪೂರ್ಣ ಅಂಕ ಕೊಟ್ಟೆ.

ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಅಷ್ಟು ಹೊತ್ತಿಗೆ ತೊಟ್ಟಿಲು ಪೂರ್ತಿ ಒಣಗಿ, ಎಣ್ಣೆಯ ವಾಸನೆಯೂ ಹೋಗಿತ್ತು. ತೊಲೆಗೆ ಕಟ್ಟಿ ಕೂಸನ್ನು ಮಲಗಿಸಿದರು. ಎಂಟನೆಯ ತಿಂಗಳಲ್ಲಿ ಅದು ತೊಟ್ಟಿಲಿನ ಅಂಚನ್ನು ಕಚ್ಚಿತು. ಅವ್ವ ನನ್ನನ್ನು ಕರೆದು ತೋರಿಸಿದಳು.

ಈಗ ಮುತ್ಯಾ ಇಲ್ಲ. ಆ ಕೂಸು ದೊಡ್ಡವಳಾಗಿ ತಾನೇ ತಾಯಿಯಾಗಿದ್ದಾಳೆ. ಕಳೆದ ಬೇಸಿಗೆಯಲ್ಲಿ ತೊಟ್ಟಿಲನ್ನು ಮತ್ತೆ ಅಟ್ಟದಿಂದ ಇಳಿಸಿದೆವು. ಬಣ್ಣ ಮಾಸಿತ್ತು, ಆದರೆ ಹೊಸ ಸೀಳು ಒಂದೂ ಇರಲಿಲ್ಲ. ಒಣ ಅರಿವೆಯಿಂದ ಒರಸಿ, ಒಂದು ಸಲ ಅಗಸಿ ಎಣ್ಣೆ ಉಣಿಸಿದೆವು. ಅರಿವೆಯನ್ನು ಬಯಲಿನ ಕಲ್ಲಿನ ಮೇಲೆ ಹರಡಿ ನಾನೇ ಹತ್ತಿರ ಕುಳಿತೆ.

ಶಬ್ದಗಳ ಅರ್ಥ

ಸಿಬಿರು – ಕಟ್ಟಿಗೆಯ ಮುಳ್ಳಿನಂಥ ಸಣ್ಣ ಸೀಳು. ಕಮಟು – ಎಣ್ಣೆ ಕೆಟ್ಟಾಗ ಬರುವ ವಾಸನೆ. ಹೆರೆ – ತೆಳ್ಳಗೆ ಕೆರೆದು ತೆಗೆ. ಅರಿವೆ – ಬಟ್ಟೆ. ಹಿಂಗಾರಿ – ಹಿಂಗಾರು ಮಳೆಯ ಕಾಲದ ಬೆಳೆ. ಕಣಿಕೆ – ಜೋಳದ ಒಣ ದಂಟು. ಬಣವೆ – ಮೇವಿನ ಒಟ್ಟಿಲು. ವಾಡೆ – ದೊಡ್ಡ ಹಳೆಯ ಮನೆ. ವಹಿ – ಬರೆಯುವ ಪುಸ್ತಕ. ಅಗಸಿ – (1) ಒಂದು ಎಣ್ಣೆಕಾಳು (2) ಊರ ಹೆಬ್ಬಾಗಿಲು.

ಸ್ವಾಧ್ಯಾಯ

ಪ್ರ. 1. ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
ಅ) ತೊಟ್ಟಿಲಿಗೆ ಬಣ್ಣ ಹಚ್ಚುವುದು ಬೇಡವೆಂದು ಅವ್ವ ಏಕೆ ಹೇಳಿದಳು?
ಆ) ಜೋಳದ ಹೊಲದ ಅಂಚಿಗೆ ಕುಸುಬಿಯನ್ನು ಏಕೆ ಬಿತ್ತುತ್ತಾರೆ?
ಇ) ‘ಡಬಲ್ ಬಾಯಿಲ್ಡ್’ ಎಣ್ಣೆಯಲ್ಲಿ ಏನನ್ನು ಬೆರೆಸಿರುತ್ತಾರೆ?

ಪ್ರ. 2. ಕಾರಣ ಕೊಡಿರಿ.
ಅ) ಹಚ್ಚಿದ ಎಣ್ಣೆಯಲ್ಲಿ ಉಳಿದದ್ದನ್ನು ಒರಸಿ ತೆಗೆಯಬೇಕು.
ಆ) ಬೇಲಿಯ ಮೇಲೆ ಬಿಡಿಸಿ ಹಾಕಿದ ಎಣ್ಣೆಯ ಅರಿವೆ ಹೊತ್ತಿಕೊಳ್ಳುವುದಿಲ್ಲ, ಮುದ್ದೆ ಮಾಡಿದ ಅರಿವೆ ಹೊತ್ತಿಕೊಳ್ಳುತ್ತದೆ.
ಇ) ಒಣಗಿದ ಅಗಸಿ ಎಣ್ಣೆಯ ತೂಕ ಹೆಚ್ಚುತ್ತದೆ.

ಪ್ರ. 3. “ಬಳಿಯೂದಲ್ಲ ತಮ್ಮಾ, ಉಣಸಬೇಕು.” ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?

ಪ್ರ. 4. ಅಪ್ಪ ಸಂಜೆಯವರೆಗೆ ಬಣವೆಯ ಹತ್ತಿರ ಕುಳಿತಾಗ ಏನು ಯೋಚಿಸಿರಬಹುದು? ನಿಮ್ಮ ಮಾತಿನಲ್ಲಿ ಬರೆಯಿರಿ.

ಉಪಕ್ರಮ
ಅ) ನಿಮ್ಮ ಮನೆಯ ಎಣ್ಣೆಗಳಲ್ಲಿ ಯಾವುದು ಒಣಗುತ್ತದೆ ಎಂಬುದನ್ನು ಗಾಜಿನ ತುಂಡಿನ ಮೇಲೆ ಹನಿ ಸವರಿ, ಗುರುಗಳ ಸಹಾಯದಿಂದ ಒಂದು ತಿಂಗಳು ಪರೀಕ್ಷಿಸಿರಿ. ಗಾಜಿನ ಅಂಚು ಕೈ ಕೊಯ್ಯದಂತೆ ಎಚ್ಚರ ವಹಿಸಿರಿ.
ಆ) ನಿಮ್ಮ ಊರಿನ ಬಡಿಗೇರರನ್ನು ಭೆಟ್ಟಿಯಾಗಿ, ಹಿಂದೆ ಯಾವ ಕಟ್ಟಿಗೆಗೆ ಯಾವ ಎಣ್ಣೆ ಹಚ್ಚುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿರಿ.